ಹಳೇ ಪೆಡಲ್‌ಗೆ ಹಾಕಿದ ತೆರೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ವಯಸ್ಸಿನಲ್ಲಿ ಹಿರಿಯನಾದ ಮ್ಯಾನೇಜರ್ ಕೂಡ. ಟೈರ್ ಅಂಗಡಿಯ ಮೇಲಿನ ಮಹಡಿ ಅದು. ಕೆಳಗೆ ಗಾಳಿಯಂತ್ರ ಶುರುವಾದರೆ ಮೇಲೆ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಬ್ಲಾಗುಗಳಲ್ಲಿ ಬರಹದ ಕೆಳಗೆ ಓದುಗರು ಕಮೆಂಟ್ ಹಾಕುವ ಚೌಕವಿರುತ್ತದಲ್ಲ, ಅದನ್ನು ಒದಗಿಸುವುದು ಆ ಕಂಪನಿಯ ಕಸುಬು. ಅದರೊಳಗೆ ಬೈಗುಳ, ಜಾಹೀರಾತು ನುಗ್ಗದಂತೆ ಕಾಯುವುದು ಅಕ್ಕನ ಕಸುಬು.

ಅವಳಿಗೆ ಮೂರು ಆಯ್ಕೆಗಳಿದ್ದವು: ಬಿಡುವುದು, ಅಳಿಸುವುದು, ತೆರೆ ಹಾಕುವುದು. ಮೂರನೆಯದು ಕಿಲಾಡಿ ಉಪಾಯ. ಉಪದ್ರವಿಯನ್ನು ಓಡಿಸಿದರೆ ಬೇರೆ ಹೆಸರಲ್ಲಿ ಬಂದು ಒಕ್ಕರಿಸುತ್ತಾನೆ. ತೆರೆ ಹಾಕಿದರೆ ಅವನು ಬರೆದದ್ದು ಅವನಿಗೆ ಎಂದಿನಂತೆ ಕಾಣುತ್ತದೆ, ಉಳಿದವರಾರಿಗೂ ಕಾಣುವುದಿಲ್ಲ. ಯಾರೂ ಉತ್ತರ ಕೊಡದೆ ಬೇಸತ್ತು ತಾನಾಗಿಯೇ ತೊಲಗುತ್ತಾನೆ.

ಹೊಲಿಗೆ ಯಂತ್ರ ರಿಪೇರಿಯ ಬ್ಲಾಗೊಂದರ ಒಡತಿ ಒಂದು ಬೆಳಿಗ್ಗೆ ಫೋನ್ ಮಾಡಿದಳು.

"ಹಳೇ ಪೆಡಲ್ ಅಂತ ಒಬ್ರು ಬರೀತಿದ್ರು. ಯಾರು ಏನೇ ಕೇಳಿದ್ರೂ ಅವರೇ ಹೇಳ್ಕೊಡ್ತಿದ್ರು. ಇದ್ದಕ್ಕಿದ್ದಂಗೆ ನಿಲ್ಲಿಸ್ಬಿಟ್ರು. ಆಮೇಲೆ ನನಗೊಂದು ಮೇಲ್ ಬಂತು, 'ದೊಡ್ಡವರಾಗಿಬಿಟ್ರಿ, ನಮ್ಮಂಥವರು ಕಣ್ಣಿಗೆ ಕಾಣಲ್ಲ' ಅಂತ. ನನಗೂ ಸಿಟ್ಟು ಬಂತು, ಉತ್ತರ ಕೊಡ್ಲಿಲ್ಲ. ಈಗ ಯಾಕೋ ಮನಸ್ಸು ತಡೀತಿಲ್ಲ. ಸ್ವಲ್ಪ ನೋಡ್ತೀರಾ?"

ಅಕ್ಕ ಹುಡುಕಿದಳು. ಹಳೇ ಪೆಡಲ್ ಆಗ ನಿಲ್ಲಿಸಿರಲೇ ಇಲ್ಲ, ಆಮೇಲೂ ಬಹಳ ಕಾಲ ಬರೆದಿದ್ದ. ಎಲ್ಲವೂ ತೆರೆಯ ಹಿಂದಿತ್ತು. ಹಾಕಿದವರು ಯಾರು ಎಂಬ ಕಡೆ ಅವಳದೇ ಗುರುತು.

ಆಗ ನೆನಪಾಯಿತು. ಪ್ರತಿ ಕಮೆಂಟಿನ ಕೊನೆಗೂ ಅವನು "ಮೊದಲು ಎಣ್ಣೆ, ಆಮೇಲೆ ಮಾತು" ಎಂದು ಬರೆಯುತ್ತಿದ್ದ. ಒಂದೇ ಮಾತು ಮತ್ತೆ ಮತ್ತೆ ಬಂದಿತೆಂದು ಕಂಪ್ಯೂಟರ್ ಎಚ್ಚರಿಸಿತ್ತು. ಯಾವನೋ ಎಣ್ಣೆ ಮಾರುವವನು ಎಂದುಕೊಂಡು ಅವಳು ಮೇಲಿನ ಸಾಲನ್ನೂ ಓದದೆ ತೆರೆ ಎಳೆದಿದ್ದಳು. ಈಗ ಓದಿದಳು. 'ಬಟ್ಟೆಯ ಅಡಿಯಲ್ಲಿ ದಾರ ಗೋಜಲಾದರೆ ಪಾಪದ ಬಾಬಿನ್‌ಗೆ ಬೈಯಬೇಡಿ ತಾಯಿ, ಮೇಲಿನ ದಾರ ಬಿಚ್ಚಿ ಮತ್ತೆ ಪೋಣಿಸಿ.' 'ಹೊಲಿಗೆ ತಪ್ಪುತ್ತಿದೆಯೇ? ಸೂಜಿ ಹಿಂದುಮುಂದಾಗಿದೆಯೇನೋ ನೋಡಿ.' ಬರಬರುತ್ತಾ ದನಿ ಸಣ್ಣದಾಗಿತ್ತು. 'ಸರಿಹೋಯಿತೇ ಎಂದು ಯಾರೂ ಹೇಳುತ್ತಿಲ್ಲ.' ಕೊನೆಯದು: 'ನಾನೇನಾದರೂ ತಪ್ಪು ಹೇಳಿದೆನೇ? ಹೇಳಿದ್ದರೆ ಕ್ಷಮಿಸಿ.'

ಪಕ್ಕದ ಕುರ್ಚಿಯವನು, ಎಲ್ಲವನ್ನೂ ಅಳಿಸುವ ಕೈಯೆಂದು ಕತ್ತರಿ ಎನಿಸಿಕೊಂಡವನು, ಇಣುಕಿ ನೋಡಿದ. "ತೆರೆ ತೆಗೆದ್ಬಿಡಿ ಅಕ್ಕ, ಕೇಳಿದ್ರೆ ತಪ್ಪು ಸರ್ವರ್ ಮೇಲೆ ಹಾಕಿ. ಅದಕ್ಕೇನು ಮಾನ ಮರ್ಯಾದೆನಾ?"

ಮ್ಯಾನೇಜರ್ ಹೇಳಿದ್ದೂ ಅದನ್ನೇ, ಭಾಷೆ ಮಾತ್ರ ಬೇರೆ: "ತಾಂತ್ರಿಕ ದೋಷ ಅಂದ್ರಾಯ್ತು ಅಕ್ಕ."

ಅವಳ ಕೈ ಮುಂದೆ ಹೋಗಲಿಲ್ಲ. ತೆರೆ ತೆಗೆದರೆ ಎಲ್ಲವೂ ಒಟ್ಟಿಗೇ ಹೊರಬೀಳುತ್ತದೆ, ಆ ಗೋಗರೆತ ಕೂಡ. ಮನುಷ್ಯನ ಮಾನ ಬೀದಿಗೆ ಬರುತ್ತದೆ. ತೆಗೆಯದಿದ್ದರೆ ಸುಳ್ಳು ಮುಂದುವರಿಯುತ್ತದೆ.

ಸಂಜೆ ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಾ ಅತ್ತೆಗೆ ಹೇಳಿದಳು, ಬೇರೆ ಯಾರೋ ಮಾಡಿದ ಕೆಲಸವೆಂಬಂತೆ. ಅತ್ತೆಯ ಚಾಕು ನಿಂತಿತು.

"ನಾನು ಹೊಸದಾಗಿ ಬಂದಾಗ ಈ ಮನೇಲಿ ನನ್ನ ಹತ್ರ ಮಾತು ಬಿಟ್ಟಿದ್ರು, ಗೊತ್ತಾ? ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಬೈದಿದ್ರೆ ತಿರುಗಿ ಬೈಬಹುದಿತ್ತು. ಮಾತೇ ಆಡದೆ ಇದ್ರೆ ಏನು ಮಾಡೋದು? ನನ್ನ ದನೀನೇ ಹೊರಗೆ ಬರ್ತಿಲ್ವೇನೋ ಅಂತ ಹಿತ್ತಿಲಿಗೆ ಹೋಗಿ ಒಬ್ಬಳೇ ಕೂಗಿ ನೋಡ್ತಿದ್ದೆ." ಅತ್ತೆ ಮತ್ತೆ ಬೀನ್ಸ್ ಕೈಗೆತ್ತಿಕೊಂಡಳು. "ನೀನೇ ತಾನೇ ಮಾಡಿದ್ದು? ಮುಖ ನೋಡಿದ್ರೆ ಗೊತ್ತಾಗುತ್ತೆ ಬಿಡು."

ಮರುದಿನ ಅವಳು ಹಳೇ ಪೆಡಲ್‌ಗೆ ಬರೆದಳು. ಕಂಪ್ಯೂಟರ್ ಅಲ್ಲ, ನಾನೇ ಮಾಡಿದ್ದು; ಓದದೆ ಮಾಡಿದೆ. ನೀವು ತಪ್ಪು ಹೇಳಿರಲಿಲ್ಲ. ಯಾರೂ ನಿಮ್ಮನ್ನು ಕಡೆಗಣಿಸಲಿಲ್ಲ, ಅವರಿಗೆ ನೀವು ಕಾಣಲೇ ಇಲ್ಲ. ಯಾವುದನ್ನು ತೋರಿಸಲಿ, ಯಾವುದನ್ನು ಅಳಿಸಲಿ? ನೀವು ಹೇಳಿದಂತೆ ಮಾಡುತ್ತೇನೆ.

ಉತ್ತರ ತಡವಾಗಿ ಬಂತು. ಬೈಗುಳವಿರಲಿಲ್ಲ, ಕ್ಷಮೆಯೂ ಇರಲಿಲ್ಲ.

'ಎಲ್ಲವನ್ನೂ ತೋರಿಸಿ. ಗೋಗರೆದದ್ದನ್ನೂ. ನಾನು ಕೇಳಿದ್ದು ಅವರನ್ನು, ಓದಿದ್ದು ನೀವೊಬ್ಬರೇ. ಸೊಸೆ ಮುಂದೆ ಹುಚ್ಚನಾದೆ, "ಮಾವ ಗೋಡೆ ಜೊತೆ ಮಾತಾಡ್ತಾರೆ" ಅಂತಿದ್ದಳು. ಬ್ಲಾಗಿನ ಆ ಹೆಣ್ಣುಮಗಳಿಗೆ ಅನ್ನಬಾರದ ಮಾತು ಅಂದೆ. ಅದನ್ನು ಹೇಗೆ ಅಳಿಸುತ್ತೀರಿ?'

ಅಕ್ಕ ಬ್ಲಾಗಿನ ಒಡತಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. "ನಾನೂ ಉತ್ತರ ಕೊಡದೆ ಸುಮ್ಮನಿದ್ದೆನಲ್ಲ," ಎಂದಳು ಒಡತಿ. "ಅದು ನನ್ನದೇ ತಪ್ಪು, ನಿಮ್ಮದಲ್ಲ ಬಿಡಿ."

ಅಕ್ಕ ತೆರೆ ತೆಗೆದಳು. 'ನಾನೇನಾದರೂ ತಪ್ಪು ಹೇಳಿದೆನೇ?' ಎಂಬುದರ ಕೆಳಗೆ ತಾನೇ ಬರೆದಳು: 'ಇಲ್ಲ. ಇವರ ಮಾತು ನಿಮಗಾರಿಗೂ ಕಾಣದಂತೆ ಮಾಡಿದ್ದು ಈ ಚೌಕವನ್ನು ಕಾಯುವ ನಾನು.' ಮ್ಯಾನೇಜರ್ ಓದಿ, "ಇಷ್ಟೆಲ್ಲ ಬೇಕಿತ್ತಾ?" ಎಂದ. ಆದರೆ ತೆಗೆಸಲಿಲ್ಲ.

ಜನ ಬಂದರು. ಒಬ್ಬಾಕೆ ಬರೆದಳು: 'ನೀವು ಹೇಳಿದ್ದು ಆಗಲೇ ಕಂಡಿದ್ದರೆ ಯಂತ್ರವನ್ನು ಗುಜರಿಗೆ ಕೊಡುತ್ತಿರಲಿಲ್ಲ. ಅಮ್ಮನ ಯಂತ್ರ ಅದು.' ಅಕ್ಕ ಅದನ್ನೂ ಓದಿದಳು. ಮತ್ತೆ ಓದಿದಳು.

ಹಳೇ ಪೆಡಲ್ ಮಾತ್ರ ಬರಲಿಲ್ಲ. ಅವನು ಬರೆದದ್ದು ಕಾಣಿಸಿದ್ದು ಎಷ್ಟೋ ವಾರಗಳ ಮೇಲೆ, ರಜೆಯ ದಿನ ಅವಳು ಮನೆಯಲ್ಲಿದ್ದಾಗ. ಯಾರೋ ಹೊಸಬಳಿಗೆ ಕೊಟ್ಟ ಉತ್ತರ: 'ಬೆಲ್ಟ್ ಅಷ್ಟು ಬಿಗಿ ಬೇಡ ತಾಯಿ, ಚಕ್ರವೂ ಉಸಿರಾಡಬೇಕಲ್ಲ.' ಎಣ್ಣೆಯ ಮಾತಿರಲಿಲ್ಲ. ಅದನ್ನು ಬಿಟ್ಟಿದ್ದ.

ತನ್ನ ಫೋನಿನಲ್ಲಿ ಕಂಡದ್ದನ್ನು ಅವಳು ನಂಬಲಿಲ್ಲ. ಬೇರೆಯವರಿಗೆ ಕಾಣುತ್ತದೋ ಇಲ್ಲವೋ ಎಂಬುದೇ ತಾನೇ ಮುಖ್ಯ. ಅತ್ತೆಯ ಫೋನಿನಲ್ಲಿ ಅದೇ ಪುಟ ತೆರೆದುಕೊಟ್ಟಳು.

"ಕಾಣಿಸ್ತಿದೆಯಾ ಅತ್ತೆ?"

"ಹೂಂ. ಬೆಲ್ಟು, ಚಕ್ರ, ಏನೋ ಬರ್ದಿದಾರೆ."

"ಸರಿಯಾಗಿ ನೋಡಿ. ಹೆಸರೂ ಕಾಣ್ತಿದೆಯಾ?"

"ಕಾಣ್ತಿದೆ ಕಣೇ," ಎಂದಳು ಅತ್ತೆ, ಕನ್ನಡಕ ಮೇಲೇರಿಸಿ. "ಇನ್ನೆಷ್ಟು ಸಲ ಕೇಳ್ತೀಯಾ?"