ಕತ್ತಲೆಯ ಅಂತ್ಯಾಕ್ಷರಿ

ಕರೆಂಟು ಹೋದಾಗ ಕಡ್ಡಿಪೆಟ್ಟಿಗೆ ಹುಡುಕಲು ಮೊದಲು ಬೆಳಕು ಬೇಕಾಗುತ್ತದೆ ಎಂಬ ಸೃಷ್ಟಿಯ ವಿನೋದವನ್ನು ನೀವೂ ಅನುಭವಿಸಿರುತ್ತೀರಿ. ನಾನಂತೂ ಒಮ್ಮೆ ಕಡ್ಡಿಪೆಟ್ಟಿಗೆಯೆಂದು ಮಾವನವರ ನಶ್ಯದ ಡಬ್ಬಿ ತೆರೆದು, ದೀಪದ ಬದಲು ಹತ್ತು ಸೀನು ಹೊತ್ತಿಸಿದವಳು. ಆದರೂ ಕತ್ತಲೆಯ ಮೇಲೆ ನನಗೆ ದೂರಿಲ್ಲ. ಒಡೆಯಲಿದ್ದ ಮನೆಯೊಂದನ್ನು ಅದು ಉಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕತ್ತಲೆಯಲ್ಲಿ ಕಣ್ಣಾರೆ ಕಾಣುವುದು ಹೇಗೆಂದು ಮಾತ್ರ ಕೇಳಬೇಡಿ.

ಎಪ್ಪತ್ತರ ದಶಕದ ಕೊನೆ. ಹತ್ತಿಮತ್ತೂರಿನಿಂದ ಸವಣೂರಿಗೆ ಸೊಸೆಯಾಗಿ ಬಂದಿದ್ದೆ. ಮಾವನವರು ನಿವೃತ್ತ ಸಂಸ್ಕೃತ ಪಂಡಿತರು, ಕಿವಿ ತುಸು ಮಂದ. ಅವರ ತಮ್ಮ, ನಮ್ಮ ಚಿಕ್ಕಮಾವ, ಅವಿವಾಹಿತರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತ ಹಾನಗಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತರು, ನಾಟ್ಯಸಂಗೀತದ ಪರಮಭಕ್ತರು. ಮನೆಗೆ ಒಂದೇ ರೇಡಿಯೋ. ಒಂದು ಸಂಜೆ ಸಂಸ್ಕೃತ ವಾರ್ತೆಯ ನಡುವೆ ಚಿಕ್ಕಮಾವ ಮುಳ್ಳು ತಿರುಗಿಸಿ, "ಹೆಂಗಿದ್ರೂ ಅಣ್ಣಗ ಕೇಳಸೂದಿಲ್ಲ" ಎಂದರು. ದುರ್ದೈವ, ಅದೊಂದು ಮಾತು ಮಾವನವರಿಗೆ ಸ್ಪಷ್ಟವಾಗಿ ಕೇಳಿಸಿತು.

ಅಂದಿನಿಂದ ಮೂರು ತಿಂಗಳು ಸೋದರರ ನಡುವೆ ಮಾತಿಲ್ಲ. ನಾನೇ ದೂತಿ.

"ಚಿಕ್ಕಮಾವಗ ಹೇಳವಾ, ರೇಡಿಯೋ ಸಣ್ಣಗ ಮಾಡಂತ."

"ಅಣ್ಣಗ ಹೇಳವಾ, ಇದಕ್ಕಿಂತ ಸಣ್ಣಗ ಆಗೂದಿಲ್ಲಂತ."

ಎರಡು ಮಾರಿನ ಆ ಪಯಣದಲ್ಲಿ ಪ್ರತಿ ಮಾತಿಗೂ ಒಂದು 'ರೀ' ಸೇರಿಸಿ, ಸಿಟ್ಟು ಸೋಸಿ ತಲುಪಿಸುತ್ತಿದ್ದೆ. ಫಲ ಸಿಗಲಿಲ್ಲ. ಚಿಕ್ಕಮಾವ ಹಾನಗಲ್ಲಿನಲ್ಲೇ ಬಾಡಿಗೆಗೊಂದು ಖೋಲಿ ಹಿಡಿದು, ಮರುದಿನದ ಬಸ್ಸಿಗೆಂದು ಹಾಸಿಗೆ ಸುತ್ತಿ ಕಟ್ಟಿಟ್ಟರು. ಅತ್ತೆಯವರು ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತ, "ಹೊಗಿ ಭಾಳ ಆತು" ಎಂದರು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಆ ಸಂಜೆಯೇ ಕರೆಂಟು ಹೋಯಿತು. ಕಂದೀಲಿನ ಗಾಜು ನನ್ನ ಕೈಯಿಂದ ಜಾರಿ ಚೂರಾಯಿತು. ನನ್ನ ಯಜಮಾನರು ಪರವೂರಿನಲ್ಲಿದ್ದರು. ಉಳಿದ ನಾಲ್ವರು ಬೇರೆ ದಾರಿಯಿಲ್ಲದೆ ಪಡಸಾಲೆಯಲ್ಲಿ ಕೂತೆವು. "ಸುಮ್ನ ಕೂಡೂದ್ಯಾಕ? ಶ್ಲೋಕದ ಅಂತ್ಯಾಕ್ಷರಿ ಆಡೂಣು," ಎಂದರು ಅತ್ತೆಯವರು. ಅವರು ಚಿಕ್ಕಮಾವನ ಪಕ್ಷ, ನಾನು ಮಾವನವರ ಪಕ್ಷ. ಶ್ಲೋಕ ಹೇಳಿದರೆ ಮಾತಾಡಿದಂತಾಗುವುದಿಲ್ಲ ಎಂಬ ಧರ್ಮಸೂಕ್ಷ್ಮವನ್ನು ಹಿಡಿದು ಸೋದರರಿಬ್ಬರೂ ಒಪ್ಪಿದರು. ಶಾಲೆಯಲ್ಲಿ ಕಲಿತ ಪ್ರಾರ್ಥನೆಗಳು ಮುಗಿದೊಡನೆ ನಾನು ದಿವಾಳಿಯೆದ್ದೆ. ಒಂಟಿಯಾಗಿ ಕಾದಾಡುತ್ತಿದ್ದ ಮಾವನವರು 'ವ' ಅಕ್ಷರಕ್ಕೆ ತಡವರಿಸಿ, ಒಂದು ಶ್ಲೋಕ ಎತ್ತಿದರು.

"ಅಣ್ಣಾ, ಅದು ಆಗ್ಲೇ ಆತು!" ಚಿಕ್ಕಮಾವ ಕೂಗಿಬಿಟ್ಟರು.

ಮೂರು ತಿಂಗಳಲ್ಲಿ ಅವರು ಅಣ್ಣನಿಗೆ ನೇರವಾಗಿ ಆಡಿದ ಮೊದಲ ಮಾತದು.

"ಯಾವಾಗ ಆತು? ನಿನಗ ಮೊದಲಿಂದ ಮೋಸ ಮಾಡೂ ಚಟ!"

"ನಾ ಮೋಸ ಮಾಡ್ತೇನಿ? ಸಣ್ಣಾಂವಿದ್ದಾಗ ನನ್ನ ಗೋಲಿ ಕದ್ದಾಂವ ನೀನು!"

ಸಮಾಧಾನಪಡಿಸಲು ನಾನು ಬಾಯಿ ತೆರೆದೆ. ಅತ್ತೆಯವರು ನನ್ನ ಕೈ ಹಿಸುಕಿ, "ಸುಮ್ನಿರವಾ, ಜಗಳಾಡ್ಲಿ" ಎಂದು ಪಿಸುಗುಟ್ಟಿದರು. ಗೋಲಿಯಿಂದ ಕದ್ದ ಮಾವಿನಕಾಯಿಗೆ, ಅಲ್ಲಿಂದ ಅವರವ್ವ ಕೊಟ್ಟ ಏಟಿಗೆ ಹೊರಳಿದ ಜಗಳ ಯಾವ ಕ್ಷಣದಲ್ಲಿ ನಗೆಯಾಯಿತೋ ತಿಳಿಯಲಿಲ್ಲ.

ಆಗಲೇ ಹಾಳು ಬೆಳಕು ಬಂತು. ರೇಡಿಯೋ ಗೊರಗೊರ ಎಂದಿತು. ಇಬ್ಬರೂ ಮೊಳದಂತರದಲ್ಲಿ ಎದುರುಬದುರು. ಮುಖ ಕಂಡದ್ದೇ ತಡ, ಮಾತು ನಿಂತಿತು. ಮಾವನವರು ಶಲ್ಯ ಸರಿಪಡಿಸಿಕೊಂಡರು. ಚಿಕ್ಕಮಾವ ನೆಲ ನೋಡಿದರು.

ಅತ್ತೆಯವರು ಎದ್ದು, ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಟಕ್ಕೆಂದು ಕೆಳಗೆಳೆದರು.

"ಮತ್ತ ಹೋತು ನೋಡ್ರಿ," ಎಂದರು, ಬಲು ಮುಗ್ಧರಾಗಿ.

ಎದುರುಮನೆಯ ದೀಪ ನಮ್ಮ ಗೋಡೆಯ ಮೇಲೆ ಧಾರಾಳವಾಗಿ ಬಿದ್ದಿತ್ತು. ನಾಲ್ವರೂ ನೋಡಿದೆವು.

"ಹೌದು, ಹೋತು," ಎಂದರು ಮಾವನವರು ಕೊನೆಗೆ. "ಈ ಕರೆಂಟಿನ ಭರೋಸಾನ ಇಲ್ಲ. ನಿನಗ 'ವ'ಕ್ಕ ಬ್ಯಾರೆ ಶ್ಲೋಕ ಬರ್ತದೇನು? ಹೇಳು ನೋಡೂಣು, ತಮ್ಮಾ."