ಜರ್ಟ್ರೂಡ್‌ಬಾಯಿ ತೆಗೆಸಿದ ಇಪ್ಪತ್ತಮೂರು ಸಾಲು

ಬೆಳಗಿನ ಐದೂವರೆ. ಕತಾರಿನ ದೋಹಾ ಅಲ್ ಜದೀದಾ ಬಡಾವಣೆಯ ಟೈಪಿಂಗ್ ಅಂಗಡಿಯ ಶಟರ್ ಎತ್ತಿ ಜರ್ಟ್ರೂಡ್‌ಬಾಯಿ ಮೊದಲು ಎ.ಸಿ. ಹಾಕುತ್ತಾರೆ, ಆಮೇಲೆ ಕನ್ನಡಕ. ಮೆಸಯೀದ್‌ನ ಕಾರ್ಖಾನೆಗಳಿಗೆ ಹೋಗುವ ಕಂಪನಿ ಬಸ್ ಹತ್ತುವ ಮೊದಲು ಕಾಗದ ಬರೆಸಿಕೊಳ್ಳಲು ನಾಲ್ಕೈದು ಜನ ಆಗಲೇ ನಿಂತಿದ್ದಾರೆ. ವೀಸಾ ಅರ್ಜಿ, ಬಾಡಿಗೆ ಕರಾರು, ಊರಿನ ಆಸ್ತಿಯ ಪತ್ರಗಳು ಸೇರಿ ದಿನಕ್ಕೆ ನಲವತ್ತು, ಇಪ್ಪತ್ತು ವರ್ಷಗಳಿಂದ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ಹೆಂಗಸನ್ನು ಕಂಡರೆ ಹೊಟ್ಟೆಕಿಚ್ಚು. ಇಲ್ಲಿನ ಕನ್ನಡ ಸಂಘದ ವೇದಿಕೆಯಲ್ಲಿ ಸೌಹಾರ್ದದ ಭಾಷಣ ಮಾಡಿ ಮೂರು ಶಾಲು ಹೊದ್ದವನು ನಾನು. ಆಕೆಗೆ ಒಂದೂ ಇಲ್ಲ, ಬೇಕೆಂದೂ ಇಲ್ಲ.

ಊರಿನ ಕೆಲವು ಬಡಾವಣೆಗಳ ಹಳೆಯ ಕ್ರಯಪತ್ರಗಳಲ್ಲಿ ‘ನಮ್ಮ ಸಮುದಾಯದವರಲ್ಲದವರಿಗೆ ಮಾರತಕ್ಕದ್ದಲ್ಲ’ ಎಂಬ ಸಾಲಿರುತ್ತದೆ. ಕಾನೂನಿನ ಮುಂದೆ ಅದು ನಿಲ್ಲುವುದಿಲ್ಲ. ಆದರೂ ಪತ್ರದಿಂದ ಪತ್ರಕ್ಕೆ ನಕಲಾಗುತ್ತಾ ಬಂದು ಕೊಳ್ಳುವವರನ್ನು ಹೆದರಿಸುತ್ತದೆ. ಜರ್ಟ್ರೂಡ್‌ಬಾಯಿ ಅದನ್ನು ನಕಲು ಮಾಡುವುದಿಲ್ಲ. ಷರತ್ತು ರದ್ದೆಂದು ತಿದ್ದುಪಡಿ ಪತ್ರದ ಕರಡು ಮಾಡಿ ಮಂಗಳೂರಿನ ವಕೀಲರಿಗೆ ಫ್ಯಾಕ್ಸ್ ಕಳಿಸುತ್ತಾರೆ.

“ಥಿಯೋಡೋರ್ ಅಂತ ಒಬ್ರು ಮೂಲ ಪತ್ರದ ಆ ಸಾಲಿಗೇ ವೈಟ್ನರ್ ಹಚ್ಚಿ ತಂದಿದ್ರು ಮಾರಾಯ್ರೆ! ಖಲಾಸ್, ಪತ್ರವೇ ಹಾಳು. ಬೇರೆ ಕಾಪಿ ತರಿಸ್ಲಿಕ್ಕೆ ಎಂಟು ತಿಂಗಳು ಹೋಯ್ತು,” ಎಂದು ನಗುತ್ತಾರೆ.

ಗಂಡ ತೀರಿಕೊಂಡ ಮೇಲೆ 1987ರಲ್ಲಿ ಉಡುಪಿ ಕಡೆಯಿಂದ ಬಂದವರು. “ಓಲ್ಡ್ ಏರ್‌ಪೋರ್ಟ್ ಏರಿಯಾದಲ್ಲಿ ಮೂರು ಕಡೆ ಒಂಟಿ ಹೆಂಗಸಿಗೆ ರೂಮ್ ಮಾಫಿ, ಇಲ್ಲ ಅಂದ್ರು. ಬಾಗಿಲಲ್ಲೇ. ಆ ನಾಚಿಕೆ ಈಗಲೂ ಉಂಟು ನನಗೆ.”

ಕಳೆದ ವರ್ಷ ಊರಿನಲ್ಲಿ ನಾನು ಮಾರಹೊರಟ ನನ್ನದೇ ಸೈಟಿನ ಪತ್ರ ಆಕೆಯ ಮೇಜಿಗೆ ಹೋಯಿತು. ಕೊಳ್ಳುವವನು ಮೆಸಯೀದ್‌ನ ಟೆಕ್ನಿಷಿಯನ್ ಅನ್ಸಾರ್. ಅವನ ಹೆಂಡತಿ ನಹ್ಲಾ ಅಷ್ಟರಲ್ಲಿ ಮನೆಯ ನಕ್ಷೆಯನ್ನೂ ಬರೆಸಿದ್ದಳು. ನಾಲ್ಕನೇ ಪುಟದಲ್ಲಿ ಅದೇ ಸಾಲಿನ ಮೇಲೆ ಜರ್ಟ್ರೂಡ್‌ಬಾಯಿಯ ಬೆರಳು ನಿಂತಿತು.

“ಸೈಟ್ ತಗೊಂಡು ಸೈನ್ ಹಾಕುವಾಗ ಇದು ಓದ್ಲಿಲ್ವಾ ಸರ್?”

ಓದಿದ್ದೆ. ಒಳಗೊಳಗೆ ನೆಮ್ಮದಿಯೂ ಆಗಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ. “ಇಲ್ಲ,” ಎಂದೆ. ಆಕೆ ಕರಡು ಟೈಪ್ ಮಾಡಿದರು. ಅದು ಆಕೆ ತೆಗೆಸಿದ ಇಪ್ಪತ್ತಮೂರನೆಯ ಸಾಲು. ಆ ಜಾಗದಲ್ಲಿ ಅನ್ಸಾರನ ಮನೆ ಈಗ ಎದ್ದು ನಿಂತಿದೆ.

ಏನಾದರೂ ಆಸೆ ಉಂಟಾ ಎಂದು ಕೇಳಿದೆ.

“ಇಷ್ಟು ಮನೆಯಲ್ಲಿ ಒಂದು ಸಹ ನಾನು ಕಣ್ಣಲ್ಲಿ ನೋಡ್ಲಿಲ್ಲ. ನಹ್ಲಾ ಹೊಸ ಮನೆ ಒಕ್ಕಲಿಗೆ ಫೋನ್ ಮಾಡಿ ಕರೆದಿದ್ದಾಳೆ. ರಜೆ ಸಿಕ್ಕಿದ್ರೆ ಹೋಗ್ಬೇಕು, ಒಂದು ಚಾ ಕುಡಿದು ಬರ್ಬೇಕು.” ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. “ನೀವೂ ಬರ್ತೀರಲ್ವಾ ಸರ್? ನಿಮ್ಮದೇ ಜಾಗ ಅಲ್ವಾ ಅದು, ನಿಮಗೂ ಹೇಳಿರ್ಬೇಕು.”

ನನಗೆ ಹೇಳಿಲ್ಲ.