ಬಖೀತನ ಗಾಡಿಯ ಸುಳ್ಳು ಮುಳ್ಳು

ಮಿನ್ಯಾ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಮ್ಮ ಬಖೀತನಷ್ಟು ಜಂಬದ ಡ್ರೈವರ್ ಇನ್ನೊಬ್ಬನಿಲ್ಲ. ಏಳು ಜನ ಕೂರುವ ಅವನ ಗಾಡಿ ಮಗಳು ನಗಾತ್‌ಗಿಂತ ಹಳೆಯದು. ಅವಳ ಮದುವೆ ಗೊತ್ತಾದಾಗ ಗಂಡಿನ ಚಿಕ್ಕಪ್ಪ, "ಹೆಣ್ಣನ್ನ ನದಿಯಾಚೆ ನಮ್ಮನೆಗೆ ಕರ್ಕೊಂಡು ಹೋಗೋಕೆ ಹೊಸ ಕಾರು ತರ್ತೀವಿ. ನಿಮ್ಮ ಡಬ್ಬಾ ಸೇತುವೆ ದಾಟೋದೇ ಅನುಮಾನ" ಎಂದುಬಿಟ್ಟ. ಬಖೀತ್ ಎದ್ದು ನಿಂತು ಮೀಸೆ ಹಿಡಿದ.

"ನನ್ನ ಮಗಳು ನನ್ನ ಗಾಡೀಲೇ ಹೋಗೋದು. ದಾರೀಲಿ ನಿಂತ್ರೆ ಈ ಮೀಸೆ ಬೋಳಿಸ್ತೀನಿ!"

ನಮ್ಮ ಕಡೆ ಮೀಸೆ ಹಿಡಿದು ಆಡಿದ ಮಾತನ್ನು ನುಂಗುವಂತಿಲ್ಲ.

ಮದುವೆಗೆಂದು ಗಾಡಿಗೆ ಶೃಂಗಾರ ನಡೆಯಿತು. ದೃಷ್ಟಿ ತಾಗದಿರಲೆಂದು ಬಖೀತ್ ತನ್ನ ಅತ್ತೆ ಹೇಳಿದಂತೆ ಮೀಟರ್‌ಗಳನ್ನೆಲ್ಲ ಬಿಚ್ಚಿ, ಒಳಗಿನ ತಗಡಿಗೂ ದಪ್ಪಗೆ ನೀಲಿ ಬಣ್ಣ ಬಳಿದು, ಅವನ್ನು ಮತ್ತೆ ಕೂರಿಸಿದ. ಅಂದು ಸಂಜೆಯೇ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು.

"ಇಂಜಿನ್ ಕಾಯೋವರೆಗೆ ನೀರು ತಡೆಯೋ ಆ ಥರ್ಮೋಸ್ಟಾಟ್ ಕಿತ್ತು ಬಿಸಾಕೋ ಮಾರಾಯ. ಈ ಸೆಖೆಗೆ ಅದ್ಯಾಕೆ?" ಎಂದೆ ನಾನು, ಅದೇ ಸ್ಟ್ಯಾಂಡಿನ ಡ್ರೈವರ್ ವಹ್ಬಾ. ಸ್ಟ್ಯಾಂಡಿನಲ್ಲಿ ನಾವೆಲ್ಲ ಮಾಡಿರುವುದೇ ಅದು. ಅತ್ತೆ ಸತ್ತೂತಾ, "ಯಾರದೋ ಕಣ್ಣು ಬಿದ್ದಿದೆ" ಎಂದು ಇನ್ನೊಂದು ನೀಲಿ ಮಣಿ ಕಟ್ಟಿದಳು.

ಬಖೀತ್ ಇಬ್ಬರನ್ನೂ ಲೆಕ್ಕಕ್ಕಿಡಲಿಲ್ಲ. ಬಾನೆಟ್ ಎತ್ತಿ ರೇಡಿಯೇಟರಿನ ಪೈಪ್ ಮುಟ್ಟಿ ನೋಡಿದ.

"ನೀರು ಕುದ್ದಿಲ್ಲ, ಆವಿ ಎದ್ದಿಲ್ಲ. ಇಂಜಿನ್ ಸರಿಯಾಗಿದೆ ವಹ್ಬಾ, ಮುಳ್ಳು ಸುಳ್ಳು ಹೇಳ್ತಿದೆ. ಮಧ್ಯಾಹ್ನದ ಬಿಸಿಲಲ್ಲಿ ತೆಪ್ಪಗಿದ್ದದ್ದು ಸಂಜೆ ತಂಪಲ್ಲಿ ಯಾಕೆ ಏರುತ್ತೆ ಹೇಳು?"

ನಾನು ಸಿಟ್ಟಿನಿಂದಲೇ ಬಾಗಿ ಮುಳ್ಳನ್ನು ನೋಡಿದೆ. ಅವನು ಹೆಡ್‌ಲೈಟ್ ಹಾಕಿದ, ಮುಳ್ಳು ಜಿಗಿಯಿತು. ಆರಿಸಿದ, ಇಳಿಯಿತು. ಇಂಜಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಕಾದು ತಣ್ಣಗಾಗುತ್ತದೆಯೇ?

ಮರುದಿನ ಬೆಳಿಗ್ಗೆ, ಮದುವೆಯ ದಿನವೇ, ಮೀಟರ್ ಮತ್ತೆ ಬಿಚ್ಚಿದ. ಅದರ ಅರ್ಥಿಂಗ್ ವೈರ್ ಸ್ಕ್ರೂ ಕೆಳಗೆ ಬರಿಯ ತಗಡಿಗೆ ಅಂಟಿರಬೇಕಿತ್ತು. ಅದು ನೀಲಿ ಬಣ್ಣದ ಮೇಲೆ ಕೂತಿತ್ತು. ಲೈಟ್ ಹಾಕಿದಾಗ ಮೀಟರ್ ದೀಪದ ಕರೆಂಟು ಬೇರೆ ದಾರಿಯಿಲ್ಲದೆ ಮುಳ್ಳಿನ ಮೂಲಕವೇ ಹರಿದು ಅದನ್ನು ಏರಿಸುತ್ತಿತ್ತು. ಬಖೀತ್ ಚಾಕು ತೆಗೆದು ಕೆರೆಯತೊಡಗಿದ.

"ಅಯ್ಯೋ, ಮದುವೆ ದಿನ ನೀಲಿ ಕೆರೀತಿಯಲ್ಲಪ್ಪಾ! ನಿನಗೇನು ಬಂತು!" ಎಂದು ಅತ್ತೆ ಎದೆ ಬಡಿದುಕೊಂಡಳು.

"ಗಾಡಿಗೆ ದೃಷ್ಟಿ ತಾಗಿದ್ದು ನಿಮ್ಮ ನೀಲಿಯಿಂದ್ಲೇ ಅತ್ತೆ," ಎಂದ ಬಖೀತ್, ತಲೆ ಎತ್ತದೆ.

ಸಂಜೆ ದಿಬ್ಬಣ ಹೊರಟಿತು, ನಾನೂ ಅದೇ ಗಾಡಿಯಲ್ಲಿ ಕೂತಿದ್ದೆ. ಗಂಡಿನ ಚಿಕ್ಕಪ್ಪ ಮುಂದಿನ ಸೀಟಿನಲ್ಲಿ ಕೂತು ಮುಳ್ಳನ್ನೇ ನುಂಗುವಂತೆ ನೋಡುತ್ತಿದ್ದ. ಲೈಟ್ ಉರಿಯುತ್ತಿದ್ದರೂ ಅದು ನಡುವಿನಿಂದ ಅಲುಗಲಿಲ್ಲ. ಸೇತುವೆ ಹತ್ತಿದಾಗ, ಹಿಂದೆ ನನ್ನ ಹೆಂಡತಿಯ ಪಕ್ಕ ಕೂತಿದ್ದ ನಗಾತ್ ಬಾಗಿ ತಂದೆಯ ಹೆಗಲು ಮುಟ್ಟಿದಳು.

"ಅಪ್ಪಾ, ನಿಧಾನ."

"ಯಾಕಮ್ಮಾ? ಇಂಜಿನ್ ಏನೂ ಬಿಸಿಯಾಗಿಲ್ಲ."

"ಗೊತ್ತಪ್ಪಾ. ಆದ್ರೂ ನಿಧಾನ."

ಬಖೀತ್ ಗಾಡಿ ನಿಲ್ಲಿಸಲಿಲ್ಲ, ಮಾತಿಗೆ ತಪ್ಪುವವನಲ್ಲ. ಆದರೆ ಹಿಂದಿನವರೆಲ್ಲ ಹಾರ್ನ್ ಹೊಡೆದು ಕೂಗಾಡಿದರೂ, ಸೇತುವೆ ಮುಗಿಯುವವರೆಗೆ ಕಾಲ್ನಡಿಗೆಯವರ ಜೊತೆಗೇ ಓಡಿಸಿದ. ಆಚೆ ದಡದಲ್ಲಿ ಇಳಿದಾಗ ನೋಡಿದೆ. ಮೀಸೆ ಉಳಿದಿತ್ತು, ಕಣ್ಣೀರಿಗೆ ಪೂರಾ ಒದ್ದೆಯಾಗಿತ್ತು.